ಸರಾಸರಿಯ ಮರೆಯಲ್ಲಿ

ಹಿರಿಯೂರಿನ ಸಮೀಪ ಮಾರಿಕಣಿವೆಯಲ್ಲಿ, ವೇದಾವತಿ ನದಿಗೆ ಅಡ್ಡಲಾಗಿ ನಿಂತಿರುವ ವಾಣಿವಿಲಾಸ ಸಾಗರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1907ರಲ್ಲಿ ಪೂರ್ಣಗೊಂಡ ಈ ಜಲಾಶಯ 1933ರಲ್ಲಿ ತುಂಬಿ ಹರಿದಿತ್ತು; ಅನಂತರ 89 ವರ್ಷಗಳು ಕಳೆದ ಮೇಲೆ, 2022ರಲ್ಲಿ, ಮತ್ತೆ ಕೋಡಿ ಬಿದ್ದಿತು. ನೀರಿನ ಮಟ್ಟ 130 ಅಡಿ ಮುಟ್ಟಿತೆಂದು ಜನ ಹಿಗ್ಗಿದರು. ಹಿಗ್ಗಬೇಕಾದ ಸಂಗತಿಯೇ ಅದು. ಆದರೆ ಅಣೆಕಟ್ಟಿನ ಅಳತೆಗೋಲು ಕೂಡಿದ ನೀರೆಷ್ಟೆಂಬುದನ್ನು ಹೇಳುತ್ತದೆಯೇ ಹೊರತು, ನಾಲೆಯ ಕೊನೆಯ ಹೊಲಕ್ಕೆ ತಲುಪಿದ ನೀರೆಷ್ಟೆಂಬುದನ್ನು ಹೇಳದು.

ರಾಷ್ಟ್ರದ ಸಂಪತ್ತನ್ನು ಅಳೆಯುವ ರೂಢಿಯ ಕ್ರಮವೂ ಇಂಥದೇ. ದೇಶದ ಒಟ್ಟು ವರಮಾನವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ವರಮಾನ ದೊರೆಯುತ್ತದೆ. ಆ ಹಣ ಯಾರ ಮನೆ ಸೇರಿತು, ಯಾರ ಬಾಗಿಲನ್ನು ದಾಟಿ ಹೋಯಿತು ಎಂಬುದು ಅದರಲ್ಲಿ ಕಾಣಿಸದು. ರಾಷ್ಟ್ರೀಯ ವರಮಾನದ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಸೈಮನ್ ಕುಜ್ನೆಟ್ಸ್ ಅವರೇ, ಆ ಒಂದು ಅಂಕಿಯಿಂದ ಜನರ ಕ್ಷೇಮವನ್ನು ಊಹಿಸಲಾಗದೆಂದು 1934ರಲ್ಲಿಯೇ ಎಚ್ಚರಿಸಿದ್ದರು.

ನಾನು ಹೊಸದುರ್ಗ ಸೀಮೆಯ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ ನಡೆದ ಪ್ರಸಂಗವೊಂದು ನೆನಪಾಗುತ್ತದೆ. ನನ್ನ ತರಗತಿಯ ಸರಾಸರಿ ಅಂಕ 50 ಎಂದು ಕಂಡು, ತಪಾಸಣೆಗೆ ಬಂದವರು 'ತೃಪ್ತಿಕರ' ಎಂದು ಬರೆದರು. ನಾನೂ ಸಂತುಷ್ಟನಾದೆ. ನಿಜವಾಗಿ ಅರ್ಧದಷ್ಟು ಮಕ್ಕಳು 80ರ ಆಸುಪಾಸಿನಲ್ಲಿದ್ದರು, ಉಳಿದರ್ಧ 20ರ ಆಸುಪಾಸಿನಲ್ಲಿದ್ದರು. 50 ಪಡೆದವರು ಒಬ್ಬರೂ ಇರಲಿಲ್ಲ! ಹಿಂದುಳಿದವರಲ್ಲಿ ಹೆಚ್ಚಿನವರು ದೂರದ ಹಟ್ಟಿಗಳಿಂದ, ತಾಂಡಾಗಳಿಂದ ನಡೆದು ಬರುವವರು. ಅವರಲ್ಲೊಬ್ಬಳು ನಿತ್ಯವೂ ತಡವಾಗಿ ಬರುತ್ತಿದ್ದಳು. ನಾನು ನಿತ್ಯವೂ ಗದರುತ್ತಿದ್ದೆ. ಮನೆಗೆ ನೀರು ಹೊತ್ತು ಹಾಕಿದ ಮೇಲೆಯೇ ಆಕೆ ಹೊರಡಬೇಕಾಗಿತ್ತೆಂದು ನನಗೆ ತಿಳಿದದ್ದು ಆಕೆ ಶಾಲೆ ಬಿಟ್ಟ ಮೇಲೆ. ತಪ್ಪು ಅಂಕಿಯದಲ್ಲ, ಅದರ ಹಿಂದೆ ನೋಡದ ನನ್ನ ಕಣ್ಣಿನದು.

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 74 ಮಂದಿ ಅಕ್ಷರಸ್ಥರು. ಈ ಸರಾಸರಿಯನ್ನು ಬಿಡಿಸಿ ನೋಡಿದರೆ ಗಂಡಸರಲ್ಲಿ ಸುಮಾರು 81, ಹೆಂಗಸರಲ್ಲಿ ಸುಮಾರು 66. ಒಂದೇ ಸೂರಿನ ಕೆಳಗೂ ಅಸಮಾನತೆ ಮನೆ ಮಾಡಿರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗೆಂದು ಅಳತೆಯೇ ವ್ಯರ್ಥವೆ? ಸುಖದುಃಖಗಳನ್ನು ತೂಗಲು ತಕ್ಕಡಿಯಿಲ್ಲವೆಂದು ಕೆಲವರು ವಾದಿಸುವುದುಂಟು. ಅದು ಪೂರ್ತಿ ಸುಳ್ಳಲ್ಲ. ಆದರೆ ಅಳೆಯದ ಕೊರತೆ ಆಳುವವರ ಕಣ್ಣಿಗೆ ಬೀಳುವುದು ಅಪರೂಪ. ಆದುದರಿಂದಲೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಆಯುಸ್ಸು, ವಿದ್ಯೆ, ವರಮಾನ ಮೂರನ್ನೂ ಸೇರಿಸಿ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿತು. ಮೆಹಬೂಬ್ ಉಲ್ ಹಕ್ ಅವರ ನೇತೃತ್ವ, ಅಮರ್ತ್ಯ ಸೇನ್ ಅವರ ಚಿಂತನೆ ಅದರ ಹಿಂದಿದ್ದವು. 2010ರಿಂದ, ಅಸಮಾನತೆ ಹೆಚ್ಚಿದಷ್ಟೂ ಅಂಕ ಇಳಿಯುವ ಇನ್ನೊಂದು ಸೂಚ್ಯಂಕವೂ ಬಳಕೆಗೆ ಬಂದಿದೆ.

ನಮ್ಮ ನಾಡಿನಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ಅಳೆದು, 2002ರಲ್ಲಿ ವರದಿ ನೀಡಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಹೊಸದುರ್ಗ ಅವುಗಳಲ್ಲೊಂದು. ಈ ಅಳತೆಯ ಆಧಾರದಿಂದಲೇ 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದಿತು.

ಆದರೆ ತಾಲ್ಲೂಕಿನ ಅಂಕಿಯೂ ಒಂದು ಸರಾಸರಿಯೇ ಅಲ್ಲವೆ? ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತವೆ; ಹೊಳಲ್ಕೆರೆಯ ಕಡೆ ಅಡಕೆ ತೋಟಗಳು ಹಸಿರಾಗಿವೆ. ಆ ಬೆಟ್ಟದ ಬುಡದ ಗುಡಿಸಲಿನಲ್ಲಿ ದೀಪ ಉರಿಯುತ್ತಿದೆಯೆ, ಆ ತೋಟದ ಕೂಲಿಯ ಮಗಳು ಶಾಲೆಯಲ್ಲಿದ್ದಾಳೆಯೆ ಎಂಬುದನ್ನೂ ಕೇಳಬೇಕು.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಅಧಿಕಾರಿಗಳಾಗುವಿರಿ, ಕೆಲವರು ಉಪಾಧ್ಯಾಯರಾಗುವಿರಿ. ಮತದಾರರಂತೂ ಎಲ್ಲರೂ ಆಗುವಿರಿ. ಸರಾಸರಿ ಏರಿತೆಂಬ ಸುದ್ದಿ ಬಂದಾಗ ಸಂತೋಷಪಡಿ; ಆದರೆ ಯಾರದು ಏರಿತು, ಯಾರದು ಏರಲಿಲ್ಲ ಎಂದು ಕೇಳುವುದನ್ನು ಮರೆಯದಿರಿ. ನಾನು ಆ ಪ್ರಶ್ನೆಯನ್ನು ಸಕಾಲದಲ್ಲಿ ಕೇಳಿದ್ದರೆ, ನನ್ನ ಹಾಜರಿ ಪುಸ್ತಕದಿಂದ ಒಂದು ಹೆಸರು ಅಳಿದುಹೋಗುತ್ತಿರಲಿಲ್ಲವೇನೋ.