ದೊಡ್ಡಪ್ಪನ ಟಿವಿಗೆ ಆ ಆಪ್ ಹಾಕಿದ್ದು ನಾವೇ

"ಲೋ, ಪೊಲೀಸ್ನೋರು ನಮ್ಮನೇಗೂ ಬತ್ತಾರೇನ್ಲಾ?"

2025ರ ನವೆಂಬರ್‌ನಲ್ಲಿ ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಿಂದ ನಮ್ಮ ಬಳಗದ ಗೆಳೆಯನೊಬ್ಬನಿಗೆ ಅವನ ದೊಡ್ಡಪ್ಪ ಫೋನ್ ಮಾಡಿ ಕೇಳಿದ್ದು ಇದನ್ನೇ. ಐಬೊಮ್ಮ ಅನ್ನೋ ಪೈರಸಿ ಜಾಲತಾಣ ನಡೆಸುತ್ತಿದ್ದ ಆರೋಪದ ಮೇಲೆ ಹೈದರಾಬಾದ್ ಪೊಲೀಸರು ಒಬ್ಬನನ್ನು ಬಂಧಿಸಿದ್ದರು. ಲಕ್ಷಗಟ್ಟಲೆ ಬಳಕೆದಾರರ ಮಾಹಿತಿ ಅವನ ಹತ್ತಿರ ಇತ್ತು ಅಂತ ಪೊಲೀಸರು ಹೇಳಿದ್ದು ದೊಡ್ಡಪ್ಪನ ಕಿವಿಗೆ ಬಿದ್ದಿದೆ. ಅವರ ಮನೆ ಟಿವಿಯಲ್ಲಿ ಓಡ್ತಾ ಇದ್ದದ್ದೂ ಅಂಥದ್ದೇ ಒಂದು ಬಿಟ್ಟಿ ಆಪ್. ಠಾಣೆ ಬೇರೆ ಊರಲ್ಲೇ ಇದೆ. ಪಾಪ, ಭಯ ಆಗದೆ ಇರುತ್ತಾ?

"ಏನೂ ಆಗಲ್ಲ ಬಿಡಿ ದೊಡ್ಡಪ್ಪ" ಅಂತ ಹೇಳಿ ಗೆಳೆಯ ಫೋನ್ ಇಟ್ಟ. ಆಮೇಲೆ ಹಾಸ್ಟೆಲ್ ರೂಮಿನಲ್ಲಿ ನಾವೆಲ್ಲ ಕೂತು ಕಾನೂನು ಏನು ಹೇಳುತ್ತೆ ಅಂತ ಹುಡುಕಿದೆವು. ಸಿಕ್ಕ ಉತ್ತರ ದೊಡ್ಡಪ್ಪನಿಗೆ ಸಮಾಧಾನ ತರುವಂಥದ್ದೇ ಆಗಿತ್ತು. ಗೆಳೆಯನಿಗೆ ಮಾತ್ರ ಅಲ್ಲ.

ಮೊದಲು ಆ ಆಪ್ ಅಕ್ಕೂರಿಗೆ ಬಂದ ಕಥೆ ಹೇಳ್ತೀವಿ. ಐಪಿಎಲ್ ಹೊತ್ತಿಗೆ ಊರಿಗೆ ಹೋಗಿದ್ದ ನಮ್ಮ ಗೆಳೆಯ ಪೆನ್‌ಡ್ರೈವಿನಲ್ಲಿ ಒಂದು ಎಪಿಕೆ ಫೈಲ್ ತಗೊಂಡು ಹೋಗಿದ್ದ. ದೊಡ್ಡಪ್ಪನ ಸ್ಮಾರ್ಟ್ ಟಿವಿಗೆ ಹಾಕಿಕೊಟ್ಟ. ಎಲ್ಲ ಚಾನೆಲ್, ಎಲ್ಲ ಮ್ಯಾಚ್, ಒಂದು ರೂಪಾಯಿ ಖರ್ಚಿಲ್ಲ. ಎದುರು ಮನೆಯವರು ನೋಡಿದರು, "ನಮ್ಗೂ ಹಾಕ್ಕೊಡಪ್ಪಾ" ಅಂದರು. ಹೀಗೇ ಆರ್‌ಸಿಬಿ ಕಪ್ ಗೆದ್ದ 2025ರ ಜೂನ್ 3ರ ರಾತ್ರಿ ಆ ಬೀದಿಯ ಏಳು ಮನೆಗಳಲ್ಲಿ ಮ್ಯಾಚ್ ಓಡಿದ್ದು ಅದೇ ಆಪ್‌ನಲ್ಲಿ. ಕದ್ದ ಪ್ರಸಾರ ಒಂದರ್ಧ ನಿಮಿಷ ತಡ ಅಲ್ವಾ, ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆದು ಮುಗಿದ ಮೇಲೆ ಇವರ ಬೀದಿಯಲ್ಲಿ ಕೊನೆಯ ಬಾಲ್ ಬಿತ್ತಂತೆ! ಇಂಜಿನಿಯರಿಂಗ್ ಓದೋ ಹುಡುಗ ಅಂತ ಊರಲ್ಲಿ ಒಳ್ಳೇ ಹೆಸರೂ ಬಂತು. ಕೆಲವು ಮನೆಯವರು "ಪೆಟ್ರೋಲಿಗೆ ಇಟ್ಕೋ" ಅಂತ ನೂರು ನೂರು ರೂಪಾಯಿ ಕೈಗಿಟ್ಟರು. ಬೇಡ ಅನ್ನದೆ ಇಸ್ಕೊಂಡ.

ಆ ನೂರು ರೂಪಾಯಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಈಗ ಕಾನೂನಿಗೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ, ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸುವವನಿಗೆ ಮತ್ತು ಅದಕ್ಕೆ ಕುಮ್ಮಕ್ಕು ಕೊಡುವವನಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನುರಹಿತ ಅಪರಾಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಸುಮ್ಮನೆ ನೋಡುವವನು? 2016ರಲ್ಲಿ, ತಡೆಹಿಡಿದ ಜಾಲತಾಣಗಳನ್ನು ತೆರೆದರೆ 'ಇದನ್ನು ನೋಡಿದರೂ 3 ವರ್ಷ ಜೈಲು' ಎಂಬರ್ಥದ ಎಚ್ಚರಿಕೆ ಕಾಣಿಸಿ ದೇಶವೆಲ್ಲ ಗಾಬರಿಯಾಗಿತ್ತು. ಅದೇ ವರ್ಷ 'ಢಿಶೂಂ' ಸಿನಿಮಾದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್, ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದು ಅಪರಾಧ ಅಂತ ಹೇಳಿ ಆ ಎಚ್ಚರಿಕೆಯ ಮಾತನ್ನೇ ಬದಲಾಯಿಸಲು ಸೂಚಿಸಿದರು. ಡೌನ್‌ಲೋಡ್ ಮಾಡಿ ಇಟ್ಟುಕೊಂಡರೆ ಪ್ರತಿ ಮಾಡಿದಂತಾಗುತ್ತೆ, ಅದು ಬೇರೆ ಮಾತು. ಸೋಫಾ ಮೇಲೆ ಕೂತು ಮ್ಯಾಚ್ ನೋಡಿದ ದೊಡ್ಡಪ್ಪನ ಮನೆಗೆ ಜೀಪು ಬರುವ ಭಯ ಬೇಡ.

ಆದರೆ ಹಾಕಿಕೊಟ್ಟವನು? ಏಳು ಮನೆಗೆ ಹಂಚಿದವನು? ಅದಕ್ಕೆ ದುಡ್ಡು ಇಸ್ಕೊಂಡವನು? ಅದೇ 63ನೇ ಕಲಂನಲ್ಲಿ, ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು ಅಂತ ಒಂದು ರಿಯಾಯಿತಿ ಇದೆ. ಪೆಟ್ರೋಲಿಗೆ ಕೊಟ್ಟ ನೂರು ರೂಪಾಯಿ ಆ ರಿಯಾಯಿತಿಗೇ ಕುತ್ತು ತರಬಹುದು. ಇದನ್ನು ಓದಿದಾಗ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಯಾಕಂದ್ರೆ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಇದೇ ಕೆಲಸ ಮಾಡಿದವರೇ. ಕೆಲವರು ಟೆಲಿಗ್ರಾಂ ಗುಂಪುಗಳ ಅಡ್ಮಿನ್‌ಗಳು ಬೇರೆ.

"ಅದೆಲ್ಲ ಪುಸ್ತಕದಲ್ಲಿ ಮಗಾ, ನಮ್ಮಂಥೋರನ್ನ ಯಾರ್ ಹಿಡೀತಾರೆ?" ಅಂದ ಒಬ್ಬ. 2019ರ ಸೆಪ್ಟೆಂಬರ್ ನೆನಪಿಸಿಕೊಳ್ಳೋಣ. ಸುದೀಪ್ ಅವರ 'ಪೈಲ್ವಾನ್' ಬಿಡುಗಡೆಯಾದ ಬೆನ್ನಲ್ಲೇ ಅಂತರ್ಜಾಲದಲ್ಲಿ ಸೋರಿತು. ಚಿತ್ರತಂಡ ಬೆಂಗಳೂರಿನ ಸೈಬರ್ ಕ್ರೈಂ ಪೊಲೀಸರಿಗೆ ದೂರು ಕೊಟ್ಟಿತು. ಆಗ ಬಂಧನವಾದದ್ದು ನೆಲಮಂಗಲ ಕಡೆಯ ಒಬ್ಬ ಯುವಕನದು, ಫೇಸ್‌ಬುಕ್‌ನಲ್ಲಿ ಲಿಂಕ್ ಹಂಚಿದ ಆರೋಪದ ಮೇಲೆ. ಸಿನಿಮಾವನ್ನು ಮೊದಲು ಕದ್ದ ಜಾಲತಾಣದವರು ಎಲ್ಲೋ ಇರ್ತಾರೆ. ಕೈಗೆ ಸಿಗೋದು ಅಸಲಿ ಹೆಸರು, ಫೋಟೋ ಹಾಕಿಕೊಂಡು ಲಿಂಕ್ ಒತ್ತಿದ ನಮ್ಮಂಥವರು.

ಇಲ್ಲೇ ನಮ್ಮ ತಕರಾರು ಶುರುವಾಗುವುದು. ಪೊಲೀಸ್ ಕಾರ್ಯಾಚರಣೆ ಬೇಕು. ಆದರೆ ಅದು ಮೇಲಕ್ಕೆ ಹೋಗಬೇಕು, ಕೆಳಕ್ಕಲ್ಲ. ಹಾಗೆ ಹೋದ ಉದಾಹರಣೆಗಳೂ ಇವೆ. 2021ರ ಜುಲೈನಲ್ಲಿ ಮಹಾರಾಷ್ಟ್ರ ಸೈಬರ್ ಪೊಲೀಸರು ಹೈದರಾಬಾದಿಗೆ ಬಂದು, ಚಾನೆಲ್‌ಗಳನ್ನು ಕದ್ದು ಪ್ರಸಾರ ಮಾಡುತ್ತಿದ್ದ ಥಾಪ್ ಟಿವಿಯ ಮುಖ್ಯಸ್ಥನನ್ನು ಬಂಧಿಸಿದರು. ಅವನಿಗಾಗ 28 ವರ್ಷ. 2023ರ ಐಪಿಎಲ್ ಅನ್ನು ಅನುಮತಿಯಿಲ್ಲದೆ ತೋರಿಸಿದ ಫೇರ್‌ಪ್ಲೇ ಎಂಬ ಬೆಟ್ಟಿಂಗ್ ಆಪ್ ಮೇಲೆ ಅದೇ ಪೊಲೀಸರು ಪ್ರಕರಣ ಹಾಕಿದರು, ಅದಕ್ಕೆ ಪ್ರಚಾರ ಮಾಡಿದ ನಟ, ಗಾಯಕರನ್ನೂ ವಿಚಾರಣೆಗೆ ಕರೆದರು. ಐಬೊಮ್ಮ ಪ್ರಕರಣದಲ್ಲೂ ಬೆಟ್ಟಿಂಗ್ ಆಪ್‌ಗಳ ಪ್ರಚಾರದ ಮಾತು ಎತ್ತಿದವರು ಹೈದರಾಬಾದ್ ಪೊಲೀಸ್ ಕಮಿಷನರ್ ವಿ.ಸಿ. ಸಜ್ಜನರ್, ನಮ್ಮ ಹುಬ್ಬಳ್ಳಿಯವರು. ಬಿಟ್ಟಿ ಸಿನಿಮಾ, ಬಿಟ್ಟಿ ಕ್ರಿಕೆಟ್ ಎಲ್ಲ ಗಾಳದ ತುದಿಯ ಹುಳು ಅನ್ನೋದು ಇದರಿಂದ ಗೊತ್ತಾಗುತ್ತೆ. ಊರಲ್ಲಿ ಬೆಟ್ಟಿಂಗಿಗೆ ಬಿದ್ದು ಬೈಕ್ ಮಾರಿಕೊಂಡವರನ್ನು ನೋಡಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯುರೋಪಿನ ಕಡೆ ನೋಡಿ. 2024ರ ನವೆಂಬರ್‌ನಲ್ಲಿ ಇಟಲಿಯ ಪೊಲೀಸರು ಹಲವು ದೇಶಗಳ ಜೊತೆ ಸೇರಿ ಒಡೆದ ಒಂದೇ ಜಾಲಕ್ಕೆ 2.2 ಕೋಟಿಗೂ ಹೆಚ್ಚು ಬಳಕೆದಾರರಿದ್ದರು. ಅಲ್ಲಿಗೇ ನಿಲ್ಲದೆ, 2025ರ ಮೇ ತಿಂಗಳಲ್ಲಿ ಅಲ್ಲಿ 2,282 ಚಂದಾದಾರರಿಗೆ ದಂಡದ ನೋಟಿಸ್ ಹೋಯಿತು, 154 ಯೂರೋದಿಂದ ಶುರು. ಅವರು ದುಡ್ಡು ಕೊಟ್ಟು ಕಳ್ಳಮಾಲು ಕೊಂಡವರು, ದಂಡ ಸರಿ ಅನ್ನಬಹುದು. ಆದರೆ ಅದೇ ದೇಶ ಕಳ್ಳ ಪ್ರಸಾರವನ್ನು ತಕ್ಷಣ ತಡೆಯಲು ಮಾಡಿದ ವ್ಯವಸ್ಥೆ 2024ರ ಅಕ್ಟೋಬರ್‌ನಲ್ಲಿ ಗೂಗಲ್ ಡ್ರೈವ್ ಅನ್ನೇ ತಡೆದು ಕೂತಿತ್ತು. ಆತುರದಲ್ಲಿ ಬೀಸಿದ ಬಲೆಗೆ ಯಾರ್ಯಾರೋ ಬೀಳ್ತಾರೆ.

ನಮ್ಮ ರಾಜ್ಯದಲ್ಲಿ ಬಲೆ ಇನ್ನೂ ದೊಡ್ಡದಿದೆ. 1985ರ ಗೂಂಡಾ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ 'ಡಿಜಿಟಲ್ ಅಪರಾಧಿ'ಗಳನ್ನೂ ಸೇರಿಸಲಾಯಿತು. ಈ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಕೋಟಿಗಟ್ಟಲೆ ದುಡ್ಡು ಮಾಡುವ ಜಾಲದವನಿಗೂ ಮೊದಲು ವಿಚಾರಣೆ ಆಗಬೇಕು ಅನ್ನೋದು ನಮ್ಮ ನಿಲುವು. ಇನ್ನು ಅಭಿಮಾನದ ಜಗಳದಲ್ಲಿ ಲಿಂಕ್ ಹಂಚಿದ ಹುಡುಗನ ಮೇಲೆ ಇಂಥ ಕಾಯ್ದೆಯ ನೆರಳೂ ಬೀಳಬಾರದು. ಮೊದಲ ಸಲಕ್ಕೆ ಕರೆಸಿ ಬುದ್ಧಿ ಹೇಳಿ, ಬೇಕಾದರೆ ದಂಡ ಹಾಕಿ. ಒಂದು ಎಫ್‌ಐಆರ್ ಸಾಕು, ಪಾಸ್‌ಪೋರ್ಟಿಂದ ಹಿಡಿದು ಕೆಲಸದ ತನಕ ಎಲ್ಲ ಕಡೆ ಅವನು ಉತ್ತರ ಹೇಳ್ತಾ ಇರಬೇಕಾಗುತ್ತೆ.

ಪೊಲೀಸರಿಗೆ ಇಷ್ಟು ಹೇಳಿದ ಮೇಲೆ ನಮಗೆ ನಾವೂ ಹೇಳಿಕೊಳ್ಳಬೇಕಲ್ವಾ?

ನಾವು ಓದ್ತಿರೋದೇ ಇದನ್ನ. ಹೊರಗಿನಿಂದ ತಂದ ಎಪಿಕೆ ಹಾಕುವಾಗ ಟಿವಿಯೋ ಫೋನೋ ಎಚ್ಚರಿಕೆ ಕೊಡುತ್ತೆ. ನಾವೇ 'ಅನುಮತಿಸಿ' ಒತ್ತುತ್ತೇವೆ. ಎಸ್‌ಎಂಎಸ್ ಓದುವ ಅನುಮತಿ ಕೇಳಿದರೂ ಕೊಡ್ತೇವೆ, ದೊಡ್ಡಪ್ಪನ ಬ್ಯಾಂಕ್ ಒಟಿಪಿ ಬರೋದು ಅದೇ ಫೋನಿಗೆ ಅಂತ ಗೊತ್ತಿದ್ದೂ. ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗಳ ಕಥೆಯೂ ಅಷ್ಟೇ. ಬ್ಯಾಡ್‌ಬಾಕ್ಸ್ 2.0 ಎಂಬ ಜಾಲ ಇಂಥ 1 ಕೋಟಿಗೂ ಹೆಚ್ಚು ಸಾಧನಗಳಲ್ಲಿ ಸೇರಿಕೊಂಡಿದೆ ಅಂತ 2025ರ ಜುಲೈನಲ್ಲಿ ಗೂಗಲ್ ಅಮೆರಿಕದ ಕೋರ್ಟಿಗೆ ಹೋಯಿತು. ಹಾಗೆ ಸೋಂಕು ತಗುಲಿದ ಬಾಕ್ಸ್ ಮೂಲಕ, ಮನೆಯವರಿಗೆ ಗೊತ್ತೇ ಆಗದಂತೆ, ಬೇರೆ ಯಾರೋ ಇಂಟರ್‌ನೆಟ್ ಬಳಸಿ ವಂಚನೆ ಮಾಡಬಹುದು. ಪೊಲೀಸರು ನಿಜಕ್ಕೂ ದೊಡ್ಡಪ್ಪನ ಮನೆ ಬಾಗಿಲು ತಟ್ಟುವ ಸಂದರ್ಭ ಬಂದರೆ ಅದು ಮ್ಯಾಚ್ ನೋಡಿದ್ದಕ್ಕಲ್ಲ, ಇಂಥದ್ದಕ್ಕೆ.

"ದುಡ್ಡಿಲ್ಲ, ಅದಕ್ಕೇ" ಅನ್ನೋ ಮಾತು ಎಷ್ಟು ನಿಜ? 2025ರ ಐಪಿಎಲ್ ಹೊತ್ತಿಗೆ ಜಿಯೋಹಾಟ್‌ಸ್ಟಾರ್‌ನಲ್ಲಿ ಟಿವಿಗೂ ಆಗುವ ಮೂರು ತಿಂಗಳ ಪ್ಯಾಕ್ 299 ರೂಪಾಯಿ ಇತ್ತು. ತಿಂಗಳಿಗೆ ನೂರೂ ಆಗಲಿಲ್ಲ. ನಮ್ಮ ಗೆಳೆಯ ಪೆಟ್ರೋಲಿಗೆ ಇಸ್ಕೊಂಡದ್ದೂ ನೂರೇ. ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯೇ ಇಲ್ಲ, ಚಂದನ ಬರುತ್ತೆ, 2007ರ ಕಾಯ್ದೆಯಿಂದಾಗಿ ಭಾರತ ತಂಡದ ಮುಖ್ಯ ಪಂದ್ಯಗಳೂ ದೂರದರ್ಶನಕ್ಕೆ ಸಿಗುತ್ತವೆ. ನಾವು ಬಿಟ್ಟಿ ಆಪ್ ಹಾಕಿದ ಏಳು ಮನೆಗಳಲ್ಲಿ ಎಷ್ಟೋ ಮನೆಯವರು ಕೇಬಲ್ ತೆಗೆಸಿದರು. ಮಳೆಯಲ್ಲಿ ಕಂಬ ಹತ್ತಿ ವೈರ್ ಸರಿ ಮಾಡ್ತಿದ್ದ ಕೇಬಲ್ ಅಣ್ಣನ ಹೊಟ್ಟೆಗೆ ಹೊಡೆದದ್ದು ಯಾವುದೋ ದೊಡ್ಡ ಕಂಪನಿಯಲ್ಲ, ನಾವು.

ಹಾಗಂತ ತಪ್ಪೆಲ್ಲ ನೋಡುಗರದ್ದೇ ಅನ್ನೋಕೂ ಆಗಲ್ಲ. ಒಂದೊಂದು ಸಿನಿಮಾ ಒಂದೊಂದು ಆಪ್‌ನಲ್ಲಿ, ಎಲ್ಲಕ್ಕೂ ಬೇರೆ ಬೇರೆ ಚಂದಾ. ಅದರಲ್ಲೂ ಕನ್ನಡಕ್ಕೆ ಜಾಗ ಕಡಿಮೆ. ರಕ್ಷಿತ್ ಶೆಟ್ಟಿ ಅವರ ಪರಂವಃ ಬಳಗ 'ಏಕಂ' ಸರಣಿಯನ್ನು ಯಾವ ದೊಡ್ಡ ಓಟಿಟಿಯೂ ತೆಗೆದುಕೊಳ್ಳದೆ, 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಬೇಕಾಯಿತು. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ಸಿಸ್ಪೇಸ್ ಎಂಬ ಸ್ವಂತ ಓಟಿಟಿ ಶುರು ಮಾಡಿತು. ನಮ್ಮ ಸರ್ಕಾರವೂ 2025ರ ಮಾರ್ಚ್ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಓಟಿಟಿ ಮಾಡ್ತೀವಿ, ಟಿಕೆಟ್ ದರ 200 ರೂಪಾಯಿ ದಾಟದಂತೆ ನೋಡ್ಕೊಳ್ತೀವಿ ಅಂದಿತು. ಟಿಕೆಟ್ ದರದ ನಿಯಮಕ್ಕೆ ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ನ್ಯಾಯವಾದ ದಾರಿ ಊರಿನವರ ಕೈಗೆಟುಕುವಂತೆ ಇಲ್ಲದಿದ್ದರೆ, ಎಷ್ಟು ಜನರನ್ನು ಹಿಡಿದರೂ ಮುಂದಿನ ಐಪಿಎಲ್‌ಗೆ ಹೊಸ ಆಪ್ ಬಂದೇ ಬರುತ್ತೆ.

ನಮ್ಮ ಗೆಳೆಯ ಸಂಕ್ರಾಂತಿಗೆ ಅಕ್ಕೂರಿಗೆ ಹೋದಾಗ ಏಳೂ ಮನೆಯ ಟಿವಿಯಿಂದ ಆ ಆಪ್ ತೆಗೆದ. ದೊಡ್ಡಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ. ಒಬ್ಬರ ಮನೆಗೆ ಫ್ರೀ ಡಿಶ್ ಕೂರಿಸಿಕೊಟ್ಟ, ಇನ್ನೊಬ್ಬರಿಗೆ ಕೇಬಲ್ ಅಣ್ಣನ ನಂಬರ್ ಕೊಟ್ಟ. ಇಸ್ಕೊಂಡಿದ್ದ ದುಡ್ಡನ್ನೂ ವಾಪಸ್ ಕೊಟ್ಟು ಬಂದ. ಒಬ್ಬ ಅಜ್ಜಿ ಮಾತ್ರ "ಇಟ್ಕೊಳಪ್ಪಾ, ಬಸ್ ಚಾರ್ಜಿಗಾಯ್ತದೆ" ಅಂತ ತಗೊಳ್ಳಲೇ ಇಲ್ಲ.

ಸ್ನೇಹಿತರೇ, ನಾವೂ ನಮ್ಮ ಟೆಲಿಗ್ರಾಂ ಗುಂಪನ್ನು ಅಳಿಸಿದ್ದೇವೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನೀವೂ ಮನೆ ಟಿವಿಯ ಸೆಟ್ಟಿಂಗ್ಸ್ ತೆರೆದು ನೋಡಿ. ಅಲ್ಲಿ ಕೂತಿರೋ ಆ ಆಪ್ ಹಾಕಿದ್ದು ನೀವೇ ಆಗಿದ್ದರೆ, ತೆಗೆಯೋ ಕೆಲಸವೂ ನಿಮ್ಮದೇ.