ಮೊದಲು ಸರ್ಟಿಫಿಕೇಟು, ಆಮೇಲೆ ಮದುವೆ
ಈ ವಾರ ಹೋಗಿದ್ದ ನಿಶ್ಚಿತಾರ್ಥದಲ್ಲಿ ಎಲ್ಲರ ಬಾಯಲ್ಲೂ ಸಬ್ ರಿಜಿಸ್ಟ್ರಾರ್ ಕಚೇರಿಯದೇ ಮಾತು. ಮದುವೆ ಮಾಘದಲ್ಲಂತೆ, ನೋಂದಣಿ ಮಾತ್ರ ಈಗಲೇ. ವರ ಅಮೆರಿಕದಲ್ಲಿ, ವಧುವಿನ ಎಚ್-4 ವೀಸಾಕ್ಕೆ ದಾಖಲೆ ಬೇಕಲ್ಲ! ಬಿತ್ತದ ಬೆಳೆಯನ್ನು ಪಹಣಿಗೆ ಏರಿಸಿದಂತೆ ಇದು. ವೀಸಾಕ್ಕಾಗಿ ಹೀಗೆ ಅವಸರಪಡುವವರನ್ನು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಪ್ರಸ್ತಾಪಿಸಿತ್ತು. ಆ ಪೀಠದಲ್ಲಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೋರ್ಟು ಹೇಳಿದ್ದಿಷ್ಟು: ಹಿಂದೂ ವಿವಾಹ ಕಾಯ್ದೆಯ 8ನೇ ಸೆಕ್ಷನ್ನಿನ ನೋಂದಣಿ, ನಡೆದ ಮದುವೆಗೆ ಪುರಾವೆಯಷ್ಟೆ. 7ನೇ ಸೆಕ್ಷನ್ ಹೇಳುವ ಶಾಸ್ತ್ರವೇ ಆಗಿಲ್ಲದಿದ್ದರೆ ಆ ಕಾಗದ ಯಾರನ್ನೂ ಗಂಡ-ಹೆಂಡಿರನ್ನಾಗಿಸದು. ಕಾನ್ಸುಲೇಟಿನವರು ಆಮಂತ್ರಣ ಪತ್ರಿಕೆ, ಫೋಟೊ ಕೇಳಿದರೆ ಏನು ತೋರಿಸುತ್ತೀರಿ? ಅಷ್ಟೊಂದು ಆತುರವಿದ್ದರೆ ದೇವಸ್ಥಾನದಲ್ಲಿ ಸರಳವಾಗಿ ಧಾರೆ, ಸಪ್ತಪದಿ ಮುಗಿಸಿ, ಆಮೇಲೆ ಕಚೇರಿಗೆ ಹೋಗಿ. ಶಾಸ್ತ್ರವೇ ಬೇಡ ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದ್ದೇ ಇದೆ. 30 ದಿನಗಳ ನೋಟಿಸ್ ಕಾಯಬೇಕು, ಅಷ್ಟೆ.