ಕೃಷ್ಣೆಯ ಪುಷ್ಕರವೂ ಗುರುವಿನ ವರ್ಷವೂ

ಸೂರ್ಯನನ್ನು ಒಂದು ಸಲ ಸುತ್ತಿ ಬರಲು ಬುಧನಿಗೆ 88 ದಿನ, ಶುಕ್ರನಿಗೆ 225 ದಿನ, ಭೂಮಿಗೆ 365 ಕಾಲು ದಿನ, ಮಂಗಳನಿಗೆ 687 ದಿನ ಬೇಕು. ಗುರುವಿಗೆ 11.86 ವರ್ಷ, ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಈ ಅಂಕಿಗಳನ್ನು ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆದರೆ ಕೃಷ್ಣಾ, ಮಕ್ತಲ್, ಗದ್ವಾಲ್ ಕಡೆಯ ಮನೆಗಳಲ್ಲಿ ಇವುಗಳಲ್ಲೊಂದು ಲೆಕ್ಕವು ಪಠ್ಯಪುಸ್ತಕಕ್ಕಿಂತ ಮೊದಲೇ ಬಳಕೆಯಲ್ಲಿದೆ. ಅದೇ ಪುಷ್ಕರದ ಲೆಕ್ಕ.

ಗುರುಗ್ರಹವು ಒಂದು ರಾಶಿಯನ್ನು ದಾಟಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ರಾಶಿಗಳು ಹನ್ನೆರಡು, ಒಂದೊಂದಕ್ಕೂ ಒಂದು ನದಿ. ಗುರುವು ಕನ್ಯಾರಾಶಿಗೆ ಬಂದಾಗ ಕೃಷ್ಣೆಗೆ, ವೃಶ್ಚಿಕಕ್ಕೆ ಬಂದಾಗ ಭೀಮೆಗೆ, ಮಕರಕ್ಕೆ ಬಂದಾಗ ತುಂಗಭದ್ರೆಗೆ ಪುಷ್ಕರ. ಆ ಪ್ರಕಾರ ಕೃಷ್ಣೆಗೆ 2016ರಲ್ಲಿ, ಭೀಮೆಗೆ 2018ರಲ್ಲಿ, ತುಂಗಭದ್ರೆಗೆ 2020ರಲ್ಲಿ ಪುಷ್ಕರ ನಡೆಯಿತು. ಎರಡು ರಾಶಿಗೆ ಎರಡು ವರ್ಷ. ಭೀಮೆ ಕೃಷ್ಣೆಯನ್ನು ಕೂಡುವ ಸಂಗಮವೂ, ಕೃಷ್ಣೆ ತುಂಗಭದ್ರೆಗಳ ನಡುವಿನ ಗದ್ವಾಲಿನ ನಡಿಗಡ್ಡವೂ ಈ ಸೀಮೆಯಲ್ಲೇ ಇವೆ. ಗುರುವಿನ ಪಯಣವನ್ನು ಅಳೆಯಲು ಇಲ್ಲಿಯ ಮಗುವಿಗೆ ಮೂರು ನದಿಗಳೇ ಸಾಕು.

ಹಾಗಾದರೆ ಅಜ್ಜಿ ಹೇಳುವ ಹನ್ನೆರಡು ಸರಿಯೋ, ಪುಸ್ತಕದ 11.86 ಸರಿಯೋ? ಗುರುವಿನ ಒಂದು ಸುತ್ತು ಹನ್ನೆರಡು ವರ್ಷಕ್ಕಿಂತ ಸುಮಾರು ಐವತ್ತು ದಿನ ಕಡಿಮೆ. ಈ ಕೊರತೆ ಕೂಡುತ್ತ ಹೋಗಿ, ಏಳು ಸುತ್ತುಗಳು 84 ವರ್ಷಗಳ ಬದಲು 83 ವರ್ಷಗಳಲ್ಲೇ ಮುಗಿಯುತ್ತವೆ. ಆದ್ದರಿಂದ ಒಮ್ಮೊಮ್ಮೆ ಅಂತರವು ಹನ್ನೊಂದೇ ವರ್ಷಕ್ಕೆ ಇಳಿಯುತ್ತದೆ. ಗುರುವು ಕುಂಭರಾಶಿಯಲ್ಲಿರುವಾಗ ನಡೆಯುವ ಹರಿದ್ವಾರದ ಕುಂಭಮೇಳವು 2010ರ ಬಳಿಕ 2022ರವರೆಗೆ ಕಾಯದೆ 2021ರಲ್ಲೇ ನಡೆದದ್ದು ಇದೇ ಕಾರಣಕ್ಕೆ. ಹನ್ನೆರಡು ಎಂಬುದು ರೂಢಿಯ ಮಾತು. ಪಂಚಾಂಗದ ಗಣಿತ ಅದಕ್ಕಿಂತ ಸೂಕ್ಷ್ಮ. ಕ್ರಿ.ಶ. 499ರ ಕಾಲಕ್ಕೇ ಆರ್ಯಭಟನು 43,20,000 ವರ್ಷಗಳಲ್ಲಿ ಗುರುವು 3,64,224 ಸುತ್ತು ಹಾಕುತ್ತದೆಂದು ಗಣಿಸಿದ್ದನು. ಮಕ್ಕಳು ಭಾಗಿಸಿ ನೋಡಲಿ: ಉತ್ತರ 11.86.

ಗುರುವಿಗೆ ಇಷ್ಟು ಕಾಲ ಏಕೆ? ಅದು ಸೂರ್ಯನಿಂದ ಭೂಮಿಗಿಂತ 5.2 ಪಟ್ಟು ದೂರದಲ್ಲಿದೆ. ದಾರಿಯೂ ಉದ್ದ, ನಡಿಗೆಯೂ ನಿಧಾನ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಸಾಗಿದರೆ ಗುರುವು ಸಾಗುವುದು 13 ಮಾತ್ರ. 1619ರಲ್ಲಿ ಕೆಪ್ಲರ್ ಪ್ರಕಟಿಸಿದ ನಿಯಮದಂತೆ 5.2ನ್ನು ಮೂರು ಸಲ ಇಟ್ಟು ಗುಣಿಸಿ, ಬಂದದ್ದರ ವರ್ಗಮೂಲ ತೆಗೆದರೆ ಮತ್ತೆ ಅದೇ 11.86 ದೊರೆಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದರೆ ಮಗು ವಿಜ್ಞಾನದಲ್ಲಿ ಹಿಂದೆ ಬಿದ್ದೀತೆಂದು ಅಂಜುವ ಪಾಲಕರು ಇದನ್ನು ಗಮನಿಸಬೇಕು. ಗ್ರಹ, ರಾಶಿ, ಸಂಕ್ರಮಣ ಎಂಬ ಮಾತುಗಳು ಮಗುವಿಗೆ ಮನೆಯಲ್ಲೇ ಪರಿಚಿತ. ಅವುಗಳ ಹಿಂದಿರುವ ಗಣಿತವನ್ನು ತೋರಿಸಿಕೊಟ್ಟರೆ ಪಾಠ ಪರಕೀಯವೆನಿಸದು.

ಕೃಷ್ಣೆಯ ಮುಂದಿನ ಪುಷ್ಕರ 2028ರಲ್ಲಿ. 2016ರ ಪುಷ್ಕರದ ಕಾಲಕ್ಕೆ ಹುಟ್ಟಿದ ಮಗುವಿಗೆ ಆಗ ಹನ್ನೆರಡು ತುಂಬುತ್ತದೆ. ಗುರುವಿನ ಲೆಕ್ಕದಲ್ಲಿ ಒಂದೇ ವರ್ಷ. ಈ ವಾರ ಮಕ್ಕಳು ಮನೆಯವರೆಲ್ಲರ ವಯಸ್ಸನ್ನು 11.86ರಿಂದ ಭಾಗಿಸಿ ಬರೆಯಲಿ. ಎಪ್ಪತ್ತೊಂದರ ಅಜ್ಜಿಗೆ ಇನ್ನೂ ಆರೇ ವರ್ಷವೆಂದು ತಿಳಿದಾಗ ಅವರೂ ನಕ್ಕಾರು.